ಮೆದುಳಿನ ಕೊಬ್ಬು ಕಮಟು ಹಿಡಿದಾಗ

ಬೆಣ್ಣೆ ಕಾಯಿಸಿ ಇಳಿಸುವ ಹೊತ್ತಿಗೆ ನಮ್ಮಮ್ಮ ಒಂದು ವೀಳ್ಯದೆಲೆ ಹರಿದು ಹಾಕುತ್ತಿದ್ದರು. ಚುರ್ ಎನ್ನುವ ಸದ್ದು, ಹಿಂದೆಯೇ ಆ ಘಮ. ಘಮಕ್ಕಾಗಿಯೇ ಹಾಕುತ್ತಾರೆ ಅಂದುಕೊಂಡಿದ್ದೆ. ಕೇಳಿದರೆ, "ತುಪ್ಪ ಕಮಟು ಹಿಡಿಯೋದಿಲ್ಲ ಕಣೇ" ಅಂದರು. ಕೊಬ್ಬರಿ ಎಣ್ಣೆಯನ್ನು ತಿಂಗಳುಗಟ್ಟಲೆ ಇಡುತ್ತಿದ್ದ ಅಮ್ಮ ಅಗಸೆ ಚಟ್ನಿಪುಡಿಯನ್ನು ಮಾತ್ರ ಹದಿನೈದು ದಿನಕ್ಕಾಗುವಷ್ಟೇ ಕುಟ್ಟುತ್ತಿದ್ದರು. ಯಾವ ಕೊಬ್ಬು ಬೇಗ ಕೆಡುತ್ತದೆ, ಯಾವುದು ತಾಳಿಕೊಳ್ಳುತ್ತದೆ, ಕೆಡದಿರಲು ಏನನ್ನು ಯಾವಾಗ ಹಾಕಬೇಕು? ಲಕ್ವ ಹೊಡೆದ ಮೆದುಳಿನ ಬಗ್ಗೆ ಐವತ್ತು ವರ್ಷಗಳಿಂದ ವಿಜ್ಞಾನಿಗಳು ಕೇಳುತ್ತಿರುವುದೂ ಹೆಚ್ಚುಕಡಿಮೆ ಇದನ್ನೇ. "ಯಾವಾಗ" ಅನ್ನುವುದಕ್ಕೆ ಉತ್ತರ ಹುಡುಕುವುದರಲ್ಲೇ ಅವರು ಹೆಚ್ಚು ಸಲ ಸೋತಿದ್ದಾರೆ.

ಮೆದುಳು ಎಂದರೆ ನಮಗೆ ನರಗಳು, ವಿದ್ಯುತ್ತು, ನೆನಪು ಇವೇ ಕಣ್ಣ ಮುಂದೆ ಬರುತ್ತವೆ. ನೀರಿನಂಶ ತೆಗೆದು ತೂಗಿದರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕೊಬ್ಬೇ. ಹೊಟ್ಟೆಯ ಸುತ್ತ ಸೇರಿಕೊಳ್ಳುವಂಥ ದಾಸ್ತಾನು ಕೊಬ್ಬಲ್ಲ ಇದು, ಕಟ್ಟಡದ ಸಾಮಗ್ರಿ. ಪ್ರತಿ ನರಕೋಶದ ಸುತ್ತಲಿನ ಪೊರೆ ಎರಡು ಪದರ ಕೊಬ್ಬಿನದು. ನರತಂತುಗಳಿಗೆ ವಯರಿನ ಮೇಲಿನ ಪ್ಲಾಸ್ಟಿಕ್ಕಿನಂತೆ ಸುತ್ತಿಕೊಂಡಿರುವ ಮಯಲಿನ್ ಹೊದಿಕೆಯ ಒಣತೂಕದಲ್ಲಿ ಮುಕ್ಕಾಲು ಪಾಲು ಕೊಬ್ಬು. ದೇಹದ ಒಟ್ಟು ಕೊಲೆಸ್ಟರಾಲಿನಲ್ಲಿ ಐದನೇ ಒಂದು ಪಾಲಿಗಿಂತ ಕಡಿಮೆಯಿಲ್ಲದಷ್ಟು ಇಲ್ಲೇ ಇದೆ. ಒಂದೂಕಾಲು, ಒಂದೂವರೆ ಕಿಲೋ ತೂಗುವ ಅಂಗಕ್ಕೆ ಇದು ಸಣ್ಣ ಪಾಲಲ್ಲ.

ತೊಂದರೆ ಇರುವುದು ಈ ಕೊಬ್ಬಿನ ಜಾತಿಯಲ್ಲಿ. ಕೊಬ್ಬಿನಾಮ್ಲ ಎಂದರೆ ಇಂಗಾಲದ ಉದ್ದನೆಯ ಸರಪಳಿ. ಕೊಬ್ಬರಿ ಎಣ್ಣೆಯಲ್ಲಿ ಈ ಸರಪಳಿಗಳು ಬಹುಪಾಲು ನೇರ, ಹಾಗಾಗಿ ಗಟ್ಟಿ. ಆಮ್ಲಜನಕಕ್ಕೆ ಅಲ್ಲಿ ಹಿಡಿತ ಸಿಗುವುದಿಲ್ಲ. ಅಗಸೆ ಎಣ್ಣೆಯ ಮುಖ್ಯ ಕೊಬ್ಬಿನಾಮ್ಲದಲ್ಲಿ ಮೂರು ಕಡೆ ಜೋಡಿ ಬಂಧಗಳಿವೆ. ಎರಡು ಜೋಡಿ ಬಂಧಗಳ ನಡುವೆ ಸಿಕ್ಕಿಕೊಂಡ ಇಂಗಾಲದ ಮೇಲಿನ ಜಲಜನಕ ಬಲು ಸಡಿಲ, ಯಾರು ಎಳೆದರೂ ಬಂದುಬಿಡುತ್ತದೆ. ಕಮಟು ಶುರುವಾಗುವುದು ಆ ಜಾಗದಿಂದ. ಅಗಸೆಯಲ್ಲಿ ಇಂಥ ಸಡಿಲ ಜಾಗ ಎರಡು. ಮೆದುಳಿನ ಪೊರೆಗಳಲ್ಲಿ ಹೇರಳವಾಗಿರುವ ಅರಾಕಿಡೋನಿಕ್ ಆಮ್ಲದಲ್ಲಿ ಮೂರು, ಡಿಎಚ್‌ಎ ಎಂಬ ಕೊಬ್ಬಿನಾಮ್ಲದಲ್ಲಿ ಐದು. ಅಂದರೆ ಅಮ್ಮ ಹದಿನೈದು ದಿನಕ್ಕಿಂತ ಹೆಚ್ಚು ಇಡಲು ಹೆದರುತ್ತಿದ್ದ ಅಗಸೆಗಿಂತಲೂ ಬೇಗ ಕೆಡಬಲ್ಲ ಸರಕು ನಮ್ಮ ತಲೆಯೊಳಗಿದೆ, ಅದೂ 37 ಡಿಗ್ರಿ ಬಿಸಿಯಲ್ಲಿ, ಆಮ್ಲಜನಕ ಸದಾ ಹರಿಯುವ ಕಡೆ.

ಇಷ್ಟು ನಾಜೂಕಾದದ್ದನ್ನೇ ಪ್ರಕೃತಿ ಯಾಕೆ ಆರಿಸಿಕೊಂಡಿತು? ಜೋಡಿ ಬಂಧಗಳಿರುವ ಸರಪಳಿ ಬಾಗುತ್ತದೆ, ಬಳುಕುತ್ತದೆ. ಪೊರೆಯೊಳಗಿನ ಪ್ರೋಟೀನುಗಳು ಕ್ಷಣಕ್ಷಣಕ್ಕೂ ತೆರೆದು ಮುಚ್ಚಬೇಕಾದರೆ ಸುತ್ತಲಿನ ಕೊಬ್ಬು ಬೆಣ್ಣೆಯಂತೆ ಹೆಪ್ಪುಗಟ್ಟಿರಬಾರದು, ಎಣ್ಣೆಯಂತಿರಬೇಕು. ಯೋಚನೆಯ ವೇಗಕ್ಕೆ ತೆತ್ತ ಬೆಲೆ ಇದು ಎಂದು ನನಗೆ ಅನಿಸುತ್ತದೆ. ಸುಸ್ಥಿತಿಯ ದಿನಗಳಲ್ಲಿ ಕೋಶ ಈ ಕೊಬ್ಬನ್ನು ಕಾಯಲು ಕಾವಲುಗಾರರನ್ನು ಇಟ್ಟುಕೊಂಡಿರುತ್ತದೆ. ಕಾವಲಿಗೆ ದಿನವೂ ಕೂಲಿ ಕೊಡಬೇಕು, ಆ ಕೂಲಿ ರಕ್ತದಲ್ಲಿ ಬರುತ್ತದೆ.

ರಕ್ತ ಕಡಿಮೆಯಾದಾಗ ನಡೆಯುವುದನ್ನು ಈಗ ನೋಡೋಣ. ದೇಹದ ತೂಕದಲ್ಲಿ ಶೇಕಡಾ 2ರಷ್ಟಿರುವ ಮೆದುಳು ನಾವು ಸೇವಿಸುವ ಆಮ್ಲಜನಕದಲ್ಲಿ ಶೇಕಡಾ 20ರಷ್ಟನ್ನು ಬಳಸುತ್ತದೆ, ಉಳಿತಾಯ ಎಂಬುದನ್ನೇ ಅರಿಯದು. ಸಾಮಾನ್ಯವಾಗಿ 100 ಗ್ರಾಂ ಮೆದುಳಿಗೆ ನಿಮಿಷಕ್ಕೆ ಸುಮಾರು 50 ಮಿಲಿಲೀಟರ್ ರಕ್ತ ಹರಿಯುತ್ತದೆ. ಒಂದು ನಾಳಕ್ಕೆ ಹೆಪ್ಪು ಸಿಕ್ಕಿಕೊಂಡು ಈ ಹರಿವು 20ರ ಆಸುಪಾಸಿಗೆ ಇಳಿದರೆ ಆ ಭಾಗದ ನರಕೋಶಗಳು ಮಾತು ನಿಲ್ಲಿಸುತ್ತವೆ. ಕೈ ಜೋಲುತ್ತದೆ, ನಾಲಗೆ ತೊದಲುತ್ತದೆ. ಆದರೆ ಕೋಶಗಳು ಸತ್ತಿರುವುದಿಲ್ಲ. 10ಕ್ಕಿಂತ ಕೆಳಗಿಳಿದಾಗ ಮಾತ್ರ ಪೊರೆಯ ಪಂಪುಗಳು ನಿಲ್ಲುತ್ತವೆ, ಸಾವು ಶುರುವಾಗುತ್ತದೆ. ನಡುವೆ ಸಾವಿನ ತಿರುಳಿನ ಸುತ್ತ ಒಂದು ಅರೆಜೀವದ ಅಂಚು ಉಳಿಯುತ್ತದೆ. ಪಕ್ಕದ ನಾಳಗಳಿಂದ ತೊಟ್ಟಿಕ್ಕುವ ರಕ್ತದಲ್ಲಿ ಅದು ಉಸಿರು ಹಿಡಿದುಕೊಂಡಿರುತ್ತದೆ. ಗ್ರಹಣದ ಅರೆನೆರಳನ್ನು ನೆನೆದು ಇದಕ್ಕೆ ಪೆನಂಬ್ರ ಎಂದು ಹೆಸರಿಟ್ಟಿದ್ದಾರೆ. ಲಕ್ವದ ಚಿಕಿತ್ಸೆಯೆಲ್ಲ ಈ ಅಂಚಿಗಾಗಿ ನಡೆಯುವ ಜಗ್ಗಾಟ.

ಜೆಫ್ರಿ ಸೇವರ್ ಎಂಬ ಅಮೆರಿಕದ ನರವೈದ್ಯರು 2006ರಲ್ಲಿ ಇದಕ್ಕೆ ಲೆಕ್ಕ ಹಾಕಿದರು. ದೊಡ್ಡ ನಾಳ ಕಟ್ಟಿಕೊಂಡ ಲಕ್ವದಲ್ಲಿ ಚಿಕಿತ್ಸೆಯಿಲ್ಲದೆ ಕಳೆಯುವ ಪ್ರತಿ ನಿಮಿಷಕ್ಕೆ ಸರಾಸರಿ 19 ಲಕ್ಷ ನರಕೋಶಗಳು, 1,400 ಕೋಟಿ ನರಸಂಧಿಗಳು, 12 ಕಿಲೋಮೀಟರ್ ಉದ್ದದ ಮಯಲಿನ್ ಹೊದ್ದ ತಂತು ಹೋಗುತ್ತವೆ. ಕಾಫಿ ಕುಡಿದು ಹೊರಡೋಣ ಎಂದು ಹತ್ತು ನಿಮಿಷ ತಡಮಾಡಿದರೆ 120 ಕಿಲೋಮೀಟರ್ ತಂತು, ಬೆಂಗಳೂರಿನಿಂದ ಹೊರಟರೆ ಮೈಸೂರಿನ ದಾರಿಯಲ್ಲಿ ಮುಕ್ಕಾಲಿಗೂ ಹೆಚ್ಚು.

ಕೋಶದೊಳಗೆ ಆಗುವುದು ಎರಡು ಅಂಕದ ನಾಟಕ. ಮೊದಲನೆಯದು ಬರಗಾಲದ್ದು. ಆಮ್ಲಜನಕ, ಸಕ್ಕರೆ ಎರಡೂ ನಿಂತಾಗ ಕೋಶದ ಚಿಲ್ಲರೆ ಹಣವಾದ ಎಟಿಪಿ ನಿಮಿಷಗಳಲ್ಲಿ ಬರಿದಾಗುತ್ತದೆ. ಸೋಡಿಯಮ್ಮನ್ನು ಹೊರಗೂ ಪೊಟ್ಯಾಸಿಯಮ್ಮನ್ನು ಒಳಗೂ ತಳ್ಳುತ್ತಿದ್ದ ಪಂಪು ನಿಲ್ಲುತ್ತದೆ. ನರಕೋಶಗಳ ನಡುವೆ ಸುದ್ದಿ ಒಯ್ಯುವ ಗ್ಲುಟಮೇಟ್ ಎಂಬ ವಸ್ತುವನ್ನು ಕೋಶ ಹೊರಗೆ ಚೆಲ್ಲುತ್ತದೆ. ಅದು ಪಕ್ಕದ ಕೋಶದ ಬಾಗಿಲು ತಟ್ಟಿ ತೆರೆಸುತ್ತದೆ, ಆ ಬಾಗಿಲಿನಿಂದ ಕ್ಯಾಲ್ಸಿಯಂ ನುಗ್ಗುತ್ತದೆ. ಮಿತಿಯಲ್ಲಿದ್ದರೆ ಸಂದೇಶವಾಹಕ, ಮಿತಿಮೀರಿದರೆ ಕ್ಯಾಲ್ಸಿಯಂ ಕೋಶದೊಳಗಿನ ಕತ್ತರಿಗಳನ್ನೆಲ್ಲ ಒಟ್ಟಿಗೆ ಬಿಚ್ಚುವ ಹುಚ್ಚ. ಅವುಗಳಲ್ಲಿ ಫಾಸ್ಫೊಲೈಪೇಸ್ ಎಂಬ ಕತ್ತರಿ ಪೊರೆಯಿಂದಲೇ ಕೊಬ್ಬಿನಾಮ್ಲಗಳನ್ನು ಕತ್ತರಿಸಿ ಬಿಡುಗಡೆ ಮಾಡುತ್ತದೆ. ಮನೆಯ ಗೋಡೆಯ ಇಟ್ಟಿಗೆ ಕಿತ್ತು ಅಂಗಳಕ್ಕೆ ಎಸೆದಂತೆ.

ಇದನ್ನು ಮೊದಲು ತೂಗಿ ತೋರಿಸಿದವರು ಅರ್ಜೆಂಟೀನಾ ಮೂಲದ ನಿಕೊಲಾಸ್ ಬಜಾನ್. ರಕ್ತ ನಿಂತ ಇಲಿ ಮೆದುಳಿನಲ್ಲಿ ಬಿಡಿ ಕೊಬ್ಬಿನಾಮ್ಲಗಳ ಪ್ರಮಾಣ ನಿಮಿಷಗಳೊಳಗೆ ಏರುತ್ತದೆ, ಅದರಲ್ಲೂ ಅರಾಕಿಡೋನಿಕ್ ಆಮ್ಲ ಮುಂದೆ ನಿಲ್ಲುತ್ತದೆ ಎಂದು ಅವರು 1970ರಲ್ಲಿ ಪ್ರಕಟಿಸಿದರು. ಆರೋಗ್ಯವಂತ ಮೆದುಳಿನಲ್ಲಿ ಇವು ಬಿಡಿಯಾಗಿ ಸಿಗುವುದೇ ಅಪರೂಪ. ಬಿಡುಗಡೆಯಾದ ಅರಾಕಿಡೋನಿಕ್ ಆಮ್ಲದಿಂದ ಉರಿಯೂತ ಎಬ್ಬಿಸುವ ರಾಸಾಯನಿಕಗಳು ತಯಾರಾಗುತ್ತವೆ. ಡಿಎಚ್‌ಎ ಕಥೆಗೆ ಇನ್ನೊಂದು ಮಗ್ಗುಲಿದೆ. ಅದರಿಂದ ಕೋಶ ಒಂದು ರಕ್ಷಕ ವಸ್ತುವನ್ನೂ ತಯಾರಿಸುತ್ತದೆ ಎಂದು ಬಜಾನ್ ಮತ್ತು ಸಂಗಡಿಗರು ಈ ಶತಮಾನದ ಮೊದಲ ವರ್ಷಗಳಲ್ಲಿ ಕಂಡುಕೊಂಡು ನ್ಯೂರೋಪ್ರೊಟೆಕ್ಟಿನ್ ಎಂದು ಕರೆದರು. ಬೇಗ ಕೆಡುವ ಕೊಬ್ಬೇ ಕಾಯುವ ಕೆಲಸಕ್ಕೂ ನಿಲ್ಲುವುದು ನನಗೆ ಈ ಇಡೀ ವಿಷಯದಲ್ಲಿ ಅತಿ ಇಷ್ಟವಾದ ಸಂಗತಿ. ಹಾಗೆಂದು ಲಕ್ವ ಹೊಡೆದವರ ಬಾಯಿಗೆ ಮೀನೆಣ್ಣೆ ಮಾತ್ರೆ ಹಾಕಿದರೆ ಆಯಿತು ಎಂದಲ್ಲ.

ಎರಡನೇ ಅಂಕ ಶುರುವಾಗುವುದು ನಾವು ಸುಖಾಂತ್ಯ ಅಂದುಕೊಳ್ಳುವ ಕಡೆ. ಹೆಪ್ಪು ಕರಗಿತು, ರಕ್ತ ಮತ್ತೆ ಹರಿಯಿತು, ಅದರೊಡನೆ ಆಮ್ಲಜನಕವೂ ಬಂತು. ಬರದ ಕಾಲದಲ್ಲಿ ಕೋಶಗಳಲ್ಲಿ ಸಕ್ಸಿನೇಟ್ ಎಂಬ ವಸ್ತು ರಾಶಿ ಬಿದ್ದಿರುತ್ತದೆ. ಆಮ್ಲಜನಕ ಬಂದ ಕೂಡಲೇ ಕೋಶದ ಒಲೆಗಳಾದ ಮೈಟೊಕಾಂಡ್ರಿಯಗಳು ಆ ಸಕ್ಸಿನೇಟನ್ನು ಅವಸರದಲ್ಲಿ ಉರಿಸುತ್ತವೆ, ಆ ಅವಸರದಲ್ಲಿ ಎಲೆಕ್ಟ್ರಾನುಗಳು ಹಿಮ್ಮುಖವಾಗಿ ಹರಿದು ಪುಂಡ ಆಮ್ಲಜನಕ ಕಣಗಳು ಹುಟ್ಟುತ್ತವೆ. ಕೇಂಬ್ರಿಡ್ಜ್‌ನ ಮೈಕೆಲ್ ಮರ್ಫಿ ಮತ್ತು ಸಂಗಡಿಗರು ಪ್ರಾಣಿಗಳಲ್ಲಿ ಇದನ್ನು 2014ರಲ್ಲಿ ಬಿಡಿಸಿ ತೋರಿಸಿದರು. ಈ ಪುಂಡ ಕಣಗಳನ್ನೇ ಫ್ರೀ ರ‍್ಯಾಡಿಕಲ್ ಎನ್ನುವುದು.

ಇಲ್ಲಿಂದ ಮುಂದಿನದು ಅಡುಗೆಮನೆಯ ರಸಾಯನಶಾಸ್ತ್ರವೇ. ಒಂದು ಫ್ರೀ ರ‍್ಯಾಡಿಕಲ್ ಕೊಬ್ಬಿನಾಮ್ಲದ ಸಡಿಲ ಜಾಗದಿಂದ ಜಲಜನಕ ಕಿತ್ತುಕೊಳ್ಳುತ್ತದೆ. ಗಾಯಗೊಂಡ ಕೊಬ್ಬು ಆಮ್ಲಜನಕವನ್ನು ಅಂಟಿಸಿಕೊಂಡು ತಾನೇ ಪುಂಡನಾಗಿ ಪಕ್ಕದ ಕೊಬ್ಬಿನ ಜಲಜನಕಕ್ಕೆ ಕೈಹಾಕುತ್ತದೆ. ಅದು ಅದರ ಪಕ್ಕದ್ದಕ್ಕೆ. ಒಣಹುಲ್ಲಿನ ಬಣವೆಗೆ ಕಿಡಿ ಬಿದ್ದ ಹಾಗೆ ಒಂದರಿಂದ ಒಂದಕ್ಕೆ ಹತ್ತುತ್ತಾ ಹೋಗುತ್ತದೆ. ಕೊನೆಗೆ ಸರಪಳಿಗಳು ತುಂಡಾಗಿ ಆಲ್ಡಿಹೈಡ್ ಎಂಬ ತುಣುಕುಗಳು ಉದುರುತ್ತವೆ. ಹಳೇ ಎಣ್ಣೆಯ ಡಬ್ಬಿ ತೆರೆದಾಗ ಮೂಗಿಗೆ ಬಡಿಯುವ ಕಮಟು ವಾಸನೆ ಈ ಬಳಗದ್ದೇ. ಮೆದುಳಿನಲ್ಲಿ ವಾಸನೆ ನೋಡುವವರಿಲ್ಲ, ಆದರೆ ಆ ತುಣುಕುಗಳು ಪ್ರೋಟೀನುಗಳಿಗೆ ಅಂಟಿಕೊಂಡು ಅವುಗಳ ಕೆಲಸ ಕೆಡಿಸುತ್ತವೆ, ಪೊರೆ ಸೋರತೊಡಗುತ್ತದೆ.

ಎಣ್ಣೆಯನ್ನು ತುಕ್ಕು ಹಿಡಿದ ಕಬ್ಬಿಣದ ಡಬ್ಬಿಯಲ್ಲಿಟ್ಟರೆ ಬೇಗ ಕೆಡುತ್ತದೆ, ಕಬ್ಬಿಣ ಈ ಸರಪಳಿ ಕ್ರಿಯೆಗೆ ಗಾಳಿ ಹಾಕುತ್ತದೆ. ಮೆದುಳಿನಲ್ಲೂ ಕಬ್ಬಿಣವಿದೆ, ಮಯಲಿನ್ ನೇಯುವ ಕೋಶಗಳಲ್ಲಿ ಇನ್ನೂ ಹೆಚ್ಚು. 2012ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಸ್ಕಾಟ್ ಡಿಕ್ಸನ್, ಬ್ರೆಂಟ್ ಸ್ಟಾಕ್‌ವೆಲ್ ಮತ್ತು ಸಂಗಡಿಗರು ಕಬ್ಬಿಣದ ನೆರವಿನಿಂದ ಪೊರೆಯ ಕೊಬ್ಬು ಕೆಟ್ಟು ಕೋಶ ಸಾಯುವ ಬಗೆಗೆ ಫೆರಾಪ್ಟೋಸಿಸ್ ಎಂಬ ಹೆಸರು ಕೊಟ್ಟರು. ಆಗ ಅವರು ನೋಡುತ್ತಿದ್ದದ್ದು ಕ್ಯಾನ್ಸರ್ ಕೋಶಗಳನ್ನು. ಲಕ್ವದಲ್ಲೂ ಇದರ ಪಾತ್ರವಿದೆ ಎಂಬುದು ಆಮೇಲೆ ಪ್ರಾಣಿಗಳಲ್ಲಿ ಕಂಡುಬಂತು. ಇದನ್ನು ತಡೆಯುವ ಮುಖ್ಯ ಕಾವಲುಗಾರ ಜಿಪಿಎಕ್ಸ್-4 ಎಂಬ ಕಿಣ್ವ. ಸೆಲೆನಿಯಂ ಇಟ್ಟುಕೊಂಡ ಈ ಕಿಣ್ವ ಪೊರೆಯಲ್ಲಿ ಕೆಡತೊಡಗಿದ ಕೊಬ್ಬನ್ನು ಹುಡುಕಿ ನಿರುಪದ್ರವಿಯಾಗಿಸುತ್ತದೆ. ಅದಕ್ಕೆ ಬೇಕಾದ ಕೂಲಿ ಗ್ಲುಟಥಯೋನ್. ಗ್ಲುಟಥಯೋನ್ ತಯಾರಿಸಲು ಸಿಸ್ಟೀನ್ ಎಂಬ ಅಮೈನೋ ಆಮ್ಲ ಹೊರಗಿನಿಂದ ಬರಬೇಕು. ಅದು ಒಳಬರುವ ಬಾಗಿಲಿನಲ್ಲಿ ಬದಲಿಗೆ ಗ್ಲುಟಮೇಟ್ ಹೊರಹೋಗಬೇಕು. ಮೊದಲ ಅಂಕದಲ್ಲಿ ಹೊರಗೆಲ್ಲ ಗ್ಲುಟಮೇಟ್ ಚೆಲ್ಲಿಹೋಗಿತ್ತಲ್ಲ, ಹಾಗಾಗಿ ಆ ಬಾಗಿಲು ಜಾಮ್. ಕಾವಲುಗಾರನಿಗೆ ಕೂಲಿ ಸಿಗದ ಹೊತ್ತಿಗೇ ಕಳ್ಳರು ಬರುತ್ತಾರೆ.

ಮತ್ತೊಬ್ಬ ಕಾವಲುಗಾರ ವಿಟಮಿನ್ ಇ, ಪೊರೆಯೊಳಗೇ ಕೂತು ತನ್ನ ಜಲಜನಕವನ್ನು ಪುಂಡನಿಗೆ ಕೊಟ್ಟು ಸರಪಳಿ ಕಡಿಯುತ್ತದೆ. ವೀಳ್ಯದೆಲೆಯ ಫೀನಾಲುಗಳು ತುಪ್ಪದಲ್ಲಿ ಮಾಡುವುದೂ ಇದನ್ನೇ. ಹಾಗಿದ್ದರೆ ವಿಟಮಿನ್ ಇ ಮಾತ್ರೆ ನುಂಗುತ್ತಿದ್ದರೆ ಆಯಿತಲ್ಲ? ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ 2010ರಲ್ಲಿ ನೋಡಿದಾಗ ಹೆಪ್ಪಿನ ಲಕ್ವ ಕೊಂಚ ಇಳಿದರೂ ಮೆದುಳಿನಲ್ಲಿ ರಕ್ತಸ್ರಾವವಾಗುವ ಅಪಾಯ ಏರಿತ್ತು. ಊಟದಲ್ಲಿ ಬರುವ ವಿಟಮಿನ್ನಿಗೂ ಡಬ್ಬಿಯಿಂದ ನುಂಗುವ ದೊಡ್ಡ ಪ್ರಮಾಣಕ್ಕೂ ಇರುವ ಅಂತರ ಇಲ್ಲಿ ಕಾಣುತ್ತದೆ.

ಇಷ್ಟೆಲ್ಲ ತಿಳಿದ ಮೇಲೆ ಔಷಧ ಮಾಡುವುದು ಸುಲಭ ಅನಿಸಬೇಕು. 2006ರಲ್ಲಿ ಒಂದು ತಂಡ ಅಲ್ಲಿಯವರೆಗೆ ಪ್ರಯೋಗಾಲಯಗಳಲ್ಲಿ ಪರೀಕ್ಷಿಸಿದ ಮೆದುಳುರಕ್ಷಕ ಚಿಕಿತ್ಸೆಗಳನ್ನು ಎಣಿಸಿತು. ಲೆಕ್ಕ 1,026ಕ್ಕೆ ಬಂತು. ಮನುಷ್ಯರವರೆಗೆ ಬಂದವು 114. ಅವುಗಳಲ್ಲಿ ಕೊಬ್ಬನ್ನು ಕಾಯಲೆಂದೇ ರೂಪಿಸಿದ್ದ ಟಿರಿಲಾಜಾಡ್ ಇಲಿಗಳಲ್ಲಿ ಚೆನ್ನಾಗಿ ಕೆಲಸ ಮಾಡಿತ್ತು. ರೋಗಿಗಳಲ್ಲಿ ಸಾವು ಮತ್ತು ಅಂಗವೈಕಲ್ಯ ಕಡಿಮೆಯಾಗುವ ಬದಲು ಸ್ವಲ್ಪ ಹೆಚ್ಚೇ ಆಯಿತು. ಫ್ರೀ ರ‍್ಯಾಡಿಕಲ್ ಹಿಡಿಯುವ ಎನ್‌ಎಕ್ಸ್‌ವೈ-059 ಎಂಬ ಔಷಧ 2006ರ ಮೊದಲ ದೊಡ್ಡ ಪ್ರಯೋಗದಲ್ಲಿ ಆಸೆ ಹುಟ್ಟಿಸಿತು. ಮರುವರ್ಷ ಇನ್ನೂ ದೊಡ್ಡ ಪ್ರಯೋಗದಲ್ಲಿ ಬಿದ್ದುಹೋಯಿತು. ಜಪಾನ್ 2001ರಲ್ಲಿ ಒಪ್ಪಿದ, ಫ್ರೀ ರ‍್ಯಾಡಿಕಲ್ ಹಿಡಿಯುವ ಇನ್ನೊಂದು ಔಷಧ ಎಡರವೋನ್ ಮಾತ್ರ ಅಲ್ಲಿ ಬಳಕೆಯಲ್ಲಿ ಉಳಿಯಿತು. ಚೀನಾದಲ್ಲಿ ಅದಕ್ಕೆ ಡೆಕ್ಸ್‌ಬೋರ್ನಿಯಾಲ್ ಎಂಬ ಇನ್ನೊಂದು ವಸ್ತುವನ್ನು ಬೆರೆಸಿ 1,165 ರೋಗಿಗಳಲ್ಲಿ ನಡೆಸಿದ ಪ್ರಯೋಗ 2021ರಲ್ಲಿ ಪ್ರಕಟವಾಯಿತು. ಮೂರು ತಿಂಗಳಾದ ಮೇಲೆ ಹೆಚ್ಚುಕಡಿಮೆ ಪೂರ್ತಿ ಚೇತರಿಸಿಕೊಂಡವರು ಮಿಶ್ರಣ ಪಡೆದವರಲ್ಲಿ ಶೇಕಡಾ 67, ಬರೀ ಎಡರವೋನ್ ಪಡೆದವರಲ್ಲಿ ಶೇಕಡಾ 59. ಬೇರೆ ದೇಶಗಳ ರೋಗಿಗಳಲ್ಲೂ ಹೀಗೇ ಆಗುವವರೆಗೆ ನಾನು ಕುಣಿಯಲಾರೆ.

ನಮ್ಮ ಕಡೆ ಲಕ್ವದ ರೋಗಿ ಇರುವ ಮನೆಗಳಲ್ಲಿ ಸಿಟಿಕೋಲಿನ್ ಹೆಸರು ಕೇಳದವರು ಕಡಿಮೆ. ಡ್ರಿಪ್ಪಿನಲ್ಲಿ, ಆಮೇಲೆ ತಿಂಗಳುಗಟ್ಟಲೆ ಮಾತ್ರೆಯಲ್ಲಿ ಕೊಡುತ್ತಾರೆ. ಅದರ ಹಿಂದಿನ ತರ್ಕ ಚಂದದ್ದು. ಪೊರೆಯ ಮುಖ್ಯ ಕೊಬ್ಬಾದ ಫಾಸ್ಫಟೈಡಿಲ್‌ಕೋಲಿನ್ ತಯಾರಿಕೆಗೆ ಇದು ಕಚ್ಚಾವಸ್ತು. ಗೋಡೆ ಬಿದ್ದ ಮನೆಗೆ ಇಟ್ಟಿಗೆ ಒದಗಿಸಿದಂತೆ. ಸ್ಪೇನ್, ಪೋರ್ಚುಗಲ್, ಜರ್ಮನಿಗಳಲ್ಲಿ 2,298 ರೋಗಿಗಳಿಗೆ ಲಕ್ವ ಹೊಡೆದ 24 ಗಂಟೆಯೊಳಗೆ ಶುರುಮಾಡಿ ಆರು ವಾರ ಕೊಟ್ಟು ನೋಡಿದರು. 2012ರಲ್ಲಿ ಫಲಿತಾಂಶ ಬಂತು: ಔಷಧವಿಲ್ಲದ ಹುಸಿಮದ್ದಿಗಿಂತ ಹೆಚ್ಚಿನದೇನೂ ಆಗಲಿಲ್ಲ. ತೊಂದರೆಯನ್ನೂ ಮಾಡಲಿಲ್ಲ. ಪಾಪ, ಮನೆಯವರು "ನರಕ್ಕೆ ಶಕ್ತಿ ಬರೋ ಔಷಧ" ಎಂದು ಸಾಲ ಮಾಡಿ ತರುವುದನ್ನು ನೋಡಿದಾಗ, ಅದೇ ದುಡ್ಡು ಫಿಸಿಯೋಥೆರಪಿಗೆ ಹೋಗಿದ್ದರೆ ಎಂದು ಅನಿಸುತ್ತದೆ.

ಇಲಿಯಲ್ಲಿ ಗೆದ್ದದ್ದು ಮನುಷ್ಯರಲ್ಲಿ ಸೋಲುವುದೇಕೆ? ಪ್ರಯೋಗಾಲಯದ ಇಲಿ ಎಳೆಯದು, ಬಿಪಿ-ಶುಗರ್ ಇಲ್ಲದ್ದು. ಅದರ ನಾಳವನ್ನು ಕಟ್ಟಿದವರೇ ಗಡಿಯಾರ ಹಿಡಿದು ನಿಂತಿರುತ್ತಾರೆ, ಎಷ್ಟೋ ಸಲ ಔಷಧವನ್ನು ಮೊದಲೇ ಅಥವಾ ಕೆಲವೇ ನಿಮಿಷಗಳಲ್ಲಿ ಕೊಟ್ಟಿರುತ್ತಾರೆ. ಇಲಿಯ ಮೆದುಳಿನಲ್ಲಿ ಮಯಲಿನ್ ತುಂಬಿದ ಬಿಳಿಭಾಗ ಕಡಿಮೆ, ನಮ್ಮದರಲ್ಲಿ ಅದು ಹತ್ತಿರಹತ್ತಿರ ಅರ್ಧ. ಎಲ್ಲಕ್ಕಿಂತ ಮುಖ್ಯವಾದದ್ದು, ನಾಳ ಕಟ್ಟಿಕೊಂಡೇ ಇದ್ದರೆ ಔಷಧ ಹೋಗುವುದಾದರೂ ಯಾವ ದಾರಿಯಲ್ಲಿ? ರಕ್ತವೇ ಮುಟ್ಟದ ಜಾಗಕ್ಕೆ ರಕ್ತದ ಮೂಲಕ ಔಷಧ ಕಳಿಸುತ್ತಿದ್ದರು. ಮತ್ತೆ ವೀಳ್ಯದೆಲೆಯ ಮಾತೇ: ಕಾಯಿಸುವಾಗ ಹಾಕಿದರೆ ತುಪ್ಪ ಉಳಿಯುತ್ತದೆ, ಕಮಟು ಹಿಡಿದ ತುಪ್ಪಕ್ಕೆ ಒಂದು ಕಂತೆ ಎಲೆ ಹಾಕಿದರೂ ಅಷ್ಟೇ.

ಈ ಲೆಕ್ಕಾಚಾರ ಬದಲಾದದ್ದು ಹೆಪ್ಪು ತೆಗೆಯುವ ಕಲೆ ಬಂದ ಮೇಲೆ. 1995ರಲ್ಲಿ ಅಮೆರಿಕದ ಪ್ರಯೋಗವೊಂದು ಮೂರು ಗಂಟೆಯೊಳಗೆ ಕೊಟ್ಟ ಆಲ್ಟೆಪ್ಲೇಸ್ ಹೆಪ್ಪು ಕರಗಿಸಿ ಅಂಗವೈಕಲ್ಯ ಇಳಿಸುತ್ತದೆ ಎಂದು ತೋರಿಸಿತು. 2008ರಲ್ಲಿ ಆ ಗಡುವು ನಾಲ್ಕೂವರೆ ಗಂಟೆಗೆ ಹಿಗ್ಗಿತು. 2015ರಲ್ಲಿ ತೊಡೆಯ ಬಳಿಯ ರಕ್ತನಾಳದಿಂದ ತೆಳು ಕೊಳವೆ ತೂರಿಸಿ ಮೆದುಳಿನ ಹೆಪ್ಪನ್ನು ಹಿಡಿದೆಳೆಯುವ ವಿಧಾನ ಒಂದರ ಹಿಂದೊಂದರಂತೆ ಐದು ಪ್ರಯೋಗಗಳಲ್ಲಿ ಗೆದ್ದಿತು. 2018ರ ಹೊತ್ತಿಗೆ, ಸ್ಕ್ಯಾನಿನಲ್ಲಿ ಅರೆಜೀವದ ಅಂಚು ಇನ್ನೂ ಉಳಿದಿರುವುದು ಕಂಡರೆ 24 ಗಂಟೆಯವರೆಗೂ ಕೆಲವರಿಗೆ ಇದನ್ನು ಮಾಡಬಹುದು ಎಂದಾಯಿತು. ನಾಳ ಯಾವ ಕ್ಷಣದಲ್ಲಿ ತೆರೆಯಿತು ಎಂಬುದು ಈಗ ವೈದ್ಯರಿಗೆ ನಿಮಿಷದ ಮಟ್ಟಕ್ಕೆ ಗೊತ್ತು, ಕೊಳವೆ ಆಗಲೇ ಒಳಗಿದೆ. ಎರಡನೇ ಅಂಕದ ತೆರೆ ಏಳುವ ಹೊತ್ತಿಗೆ ಸರಿಯಾಗಿ ಔಷಧ ಕೊಡಲು ಇಲಿಗೆ ಸಿಗುತ್ತಿದ್ದ ಅನುಕೂಲ ಮೊದಲ ಬಾರಿಗೆ ಮನುಷ್ಯರಿಗೂ ಸಿಕ್ಕಿದೆ. ಮೆದುಳು ಕಾಯುವ ಔಷಧಗಳನ್ನು ಮತ್ತೆ ಕಪಾಟಿನಿಂದ ತೆಗೆಯುತ್ತಿರುವುದು ಈ ಕಾರಣಕ್ಕೆ. ನೆರಿನೆಟೈಡ್ ಎಂಬ ಮೆದುಳುರಕ್ಷಕ ಔಷಧವನ್ನು ಹೀಗೆ ಹೆಪ್ಪು ಎಳೆಯುವ ಚಿಕಿತ್ಸೆಯೊಂದಿಗೆ ಕೊಟ್ಟು ನೋಡಿ 2020ರಲ್ಲಿ ವರದಿ ಮಾಡಿದರು. ಒಟ್ಟಾರೆ ಫಲ ಸಿಗಲಿಲ್ಲ. ಸಮಯವೊಂದು ಸರಿಯಿದ್ದರೆ ಸಾಲದು.

ತಂಪು ಮಾಡುವ ಉಪಾಯ ಹಳೆಯದು. ಮೈ ಒಂದು ಡಿಗ್ರಿ ತಣ್ಣಗಾದರೆ ಮೆದುಳಿನ ಆಮ್ಲಜನಕದ ಖರ್ಚು ಶೇಕಡಾ 6-7ರಷ್ಟು ಇಳಿಯುತ್ತದೆ. ಹೃದಯ ನಿಂತು ಮತ್ತೆ ಬಡಿದವರಿಗೆ ಮೈ ತಂಪುಮಾಡುವುದು 2002ರ ಎರಡು ಪ್ರಯೋಗಗಳ ನಂತರ ವಾಡಿಕೆಯಾಯಿತು. 2021ರ ದೊಡ್ಡ ಪ್ರಯೋಗದಲ್ಲಿ 33 ಡಿಗ್ರಿಗೆ ಇಳಿಸಿದವರಿಗೂ ಬರೀ ಜ್ವರ ಬರದಂತೆ ನೋಡಿಕೊಂಡವರಿಗೂ ಅಂತರ ಕಾಣಲಿಲ್ಲ. ಹೆರಿಗೆಯಲ್ಲಿ ಉಸಿರುಗಟ್ಟಿದ ಶಿಶುಗಳಿಗೆ ಶ್ರೀಮಂತ ದೇಶಗಳಲ್ಲಿ ಮೂರು ದಿನ ತಂಪಿನಲ್ಲಿಡುವುದು ಜೀವ ಉಳಿಸಿದೆ. ಅದೇ ವಿಧಾನವನ್ನು ಭಾರತ, ಶ್ರೀಲಂಕಾ, ಬಾಂಗ್ಲಾದೇಶದ 408 ಶಿಶುಗಳಲ್ಲಿ ಪರೀಕ್ಷಿಸಿದಾಗ ಸಾವು ಹೆಚ್ಚಾಯಿತು ಎಂದು 2021ರಲ್ಲೇ ಪ್ರಕಟವಾಯಿತು. ಒಂದೂರಿನ ಮದ್ದು ಇನ್ನೊಂದೂರಿಗೆ ಹಾಗೆಯೇ ಒಗ್ಗುತ್ತದೆಂದು ನಂಬಿ ಕೂರುವ ಹಾಗಿಲ್ಲ.

ಇಷ್ಟು ಸೋಲುಗಳ ನಡುವೆಯೂ ಸಂಶೋಧಕರು ಬಿಡದಿರಲು ಒಂದು ಹಳೇ ಪ್ರಯೋಗ ಕಾರಣ. 1982ರಲ್ಲಿ ಜಪಾನಿನ ತಕಾಅಕಿ ಕಿರಿನೊ ಜರ್ಬಿಲ್ ಎಂಬ ಇಲಿಜಾತಿಯ ಪ್ರಾಣಿಯ ಮೆದುಳಿಗೆ ಐದೇ ನಿಮಿಷ ರಕ್ತ ನಿಲ್ಲಿಸಿ ಮತ್ತೆ ಬಿಟ್ಟರು. ಮೊದಲ ದಿನ ನೋಡಿದರೆ ನೆನಪಿನ ಕೇಂದ್ರದ ಕೋಶಗಳು ಮೇಲ್ನೋಟಕ್ಕೆ ಚೆನ್ನಾಗಿಯೇ ಇದ್ದವು. ನಾಲ್ಕನೇ ದಿನದ ಹೊತ್ತಿಗೆ ಬಹುಪಾಲು ಸತ್ತಿದ್ದವು. ರಕ್ತ ಮರಳಿ ಬಂದ ಮೇಲೂ ಸಾವಿಗೆ ದಿನಗಳು ಹಿಡಿಯುತ್ತವೆ ಎಂದಾದರೆ ಆ ದಿನಗಳಲ್ಲಿ ಎಲ್ಲೋ ಒಂದು ಕಡೆ ಕೈಹಾಕಲು ಜಾಗವಿರಲೇಬೇಕು.

ಅದು ಸಿಗುವವರೆಗೆ ಮೆದುಳಿನ ಕೊಬ್ಬನ್ನು ಕಾಯುವ ಖಚಿತ ಔಷಧವೆಂದರೆ ಬೇಗ ತೆರೆದ ನಾಳ. ನಮ್ಮ ದೊಡ್ಡಪ್ಪ ಬೆಳಿಗ್ಗೆ ಎದ್ದಾಗ ಬಾಯಿ ಸೊಟ್ಟಗಾಗಿತ್ತು, ಎಡಗೈ ಎತ್ತಲಾಗಲಿಲ್ಲ, ಮಾತು ತೊದಲಿತು. ಈ ಮೂರರಲ್ಲಿ ಒಂದು ದಿಢೀರನೆ ಕಂಡರೂ 108ಕ್ಕೆ ಫೋನು ಮಾಡಿ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ನೇರ ಹೋಗಬೇಕೆಂದು ಆಗ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೊದಲು ಲಕ್ವಕ್ಕೆ ಮದ್ದು ಕೊಡುವವರ ಊರಿಗೆ ಕರೆದೊಯ್ದು, ಮೈಗೆ ಎಣ್ಣೆ ತಿಕ್ಕಿಸಿ, ಮಧ್ಯಾಹ್ನದ ಮೇಲೆ ಆಸ್ಪತ್ರೆ ಸೇರಿಸಿದರು. ಅಲ್ಲಿ ಡ್ಯೂಟಿ ಡಾಕ್ಟರು ಬಿಪಿ ನೋಡುವುದಕ್ಕೂ ಮೊದಲು ಕೇಳಿದ್ದು ಒಂದೇ: "ಕೊನೇ ಸಲ ಇವರು ಸರಿಯಾಗಿದ್ದದ್ದನ್ನ ನೋಡಿದ್ದು ಯಾರು, ಎಷ್ಟು ಗಂಟೆಗೆ?" ದೊಡ್ಡಮ್ಮ ಯೋಚಿಸಿ, ರಾತ್ರಿ ನೀರು ಕುಡಿಯಲು ಎದ್ದಿದ್ದರು ಅಂದರು. ಗಂಟೆ ನೋಡಿರಲಿಲ್ಲ.